ನಿಕೋಟಿನ್ ಗಮ್ ಮತ್ತು 1800-11-2356: ವರ್ಷ ದಾಟಿದ ಮೇಲೆ ನನ್ನ ಅಭಿಪ್ರಾಯ

ಸಿಗರೇಟು ಬಿಡೋಕೆ ನಿಕೋಟಿನ್ ಗಮ್ (ಸಿಗರೇಟಿನಲ್ಲಿ ಚಟ ಹಿಡಿಸುವ ನಿಕೋಟಿನ್ನನ್ನೇ ಹೊಗೆಯಿಲ್ಲದೆ ಸ್ವಲ್ಪ ಸ್ವಲ್ಪ ಕೊಡುವ ಗಮ್) ತೊಗೊಳ್ಳಬಹುದಾ ಅಂತ ಆಫೀಸಿನಲ್ಲಿ ಆಗಾಗ ಕೇಳುತ್ತಾರೆ. ತೊಗೊಳ್ಳಿ, ಆದರೆ ಮೊದಲು ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಒಂದು ಫೋನ್ ಮಾಡಿ. ನಂಬರ್ ಸಿಗರೇಟು ಪ್ಯಾಕಿನ ಮೇಲೆಯೇ ಇದೆ, 2018ರಿಂದ ಅಚ್ಚು ಹಾಕುತ್ತಿದ್ದಾರೆ.

ಗಮ್ ಬಗ್ಗೆ ನನ್ನ ತಕರಾರು ಒಂದೇ. ಅದನ್ನು ಹೇಗೆ ಅಗಿಯಬೇಕು ಅಂತ ಯಾರೂ ಹೇಳಲ್ಲ. ಮೆಡಿಕಲ್ ಶಾಪಿನವರು 2 ಮಿಲಿಗ್ರಾಂ ಸ್ಟ್ರಿಪ್ ಕೊಟ್ಟು, "ಆಸೆ ಆದಾಗ ಅಗೀರಿ ಸಾರ್" ಅಂದರು, ಅಷ್ಟೇ. ಸಾಮಾನ್ಯ ಚೂಯಿಂಗ್ ಗಮ್ಮಿನ ಹಾಗೆ ಅಗಿದರೆ ಗಂಟಲು ಉರಿಯುತ್ತದೆ, ಬಿಕ್ಕಳಿಕೆ ಬರುತ್ತದೆ, ಸಿಗರೇಟಿನ ಆಸೆ ಮಾತ್ರ ಹಾಗೇ ಉಳಿಯುತ್ತದೆ. ಎಷ್ಟೋ ಜನ ಇಲ್ಲಿಗೇ "ಇದು ನನಗಾಗಲ್ಲ" ಅಂತ ಬಿಸಾಕುತ್ತಾರೆ. ನಾನೂ ಬಿಸಾಕುವ ಹಂತದಲ್ಲಿದ್ದಾಗಲೇ ಆ ನಂಬರಿಗೆ ಫೋನ್ ಮಾಡಿದ್ದು.

ಇದು ಕೇಂದ್ರ ಆರೋಗ್ಯ ಇಲಾಖೆಯ ಸಹಾಯವಾಣಿ. 2016ರಲ್ಲಿ ದಿಲ್ಲಿಯಲ್ಲಿ ಶುರುವಾಗಿ, ಆಮೇಲೆ ನಮ್ಮ ನಿಮ್ಹಾನ್ಸ್‌ಗೂ ಬಂತು. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬುದ್ಧಿವಾದ ಹೇಳುತ್ತಾರೆ ಅಂದುಕೊಂಡಿದ್ದೆ. ಆ ಕಡೆಯ ಮೇಡಂ ಕೇಳಿದ್ದು, "ಬೆಳಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ತೀರಿ ಸಾರ್?" ಅರ್ಧ ಗಂಟೆಯೊಳಗೆ ಹಚ್ಚುವವರಿಗೆ ಚಟ ಆಳವಾಗಿರುತ್ತದಂತೆ. ಅಂಥವರಿಗೆ 4 ಮಿಲಿಗ್ರಾಂ ಗಮ್ ಬೇಕಾಗಬಹುದು, ಡಾಕ್ಟರನ್ನು ಕೇಳಿ ಅಂದರು. ನನ್ನದು ಆಫೀಸಿಗೆ ಹೊರಟ ಮೇಲೆ, ದರ್ಶಿನಿಯ ಬೈಟು ಕಾಫಿ ಜೊತೆಗೆ. ಹಾಗಾಗಿ 2 ಸಾಕಾಯಿತು.

ಅಗಿಯೋದನ್ನು ಫೋನಿನಲ್ಲೇ ಹೇಳಿಕೊಟ್ಟರು. ನಿಧಾನಕ್ಕೆ ಅಗಿಯಬೇಕು. ಬಾಯಲ್ಲಿ ಮೆಣಸಿನ ಖಾರದ ಹಾಗೆ ಜುಮ್ ಅಂದ ತಕ್ಷಣ ನಿಲ್ಲಿಸಿ, ಗಮ್ಮನ್ನು ಕೆನ್ನೆಗೂ ಒಸಡಿಗೂ ನಡುವೆ ಒತ್ತಿಟ್ಟುಕೊಳ್ಳಬೇಕು. ಜುಮ್ ಇಳಿದರೆ ಮತ್ತೆ ನಾಲ್ಕು ಸಲ ಅಗಿದು, ಜಾಗ ಬದಲಿಸಿ ಇಡಬೇಕು. ಹೀಗೆ ಅರ್ಧ ಗಂಟೆ. ನಿಕೋಟಿನ್ ಹೋಗಬೇಕಾದ್ದು ಬಾಯಿಯ ಒಳಚರ್ಮದ ಮೂಲಕ, ಜೊಲ್ಲಿನ ಜೊತೆ ಹೊಟ್ಟೆಗಲ್ಲ. ಬಾಯಲ್ಲಿ ಹುಳಿ ಇದ್ದರೆ ಅದು ಸರಿಯಾಗಿ ಒಳಗೆ ಹೋಗಲ್ಲ. ಕಾಫಿ, ಜ್ಯೂಸ್ ಎಲ್ಲ ಆ ಲೆಕ್ಕವೇ. ಗಮ್ಮಿಗೆ 15 ನಿಮಿಷ ಮುಂಚಿನಿಂದ, ಅಗಿದು ಮುಗಿಯುವ ತನಕ, ಏನೂ ಕುಡಿಯಬಾರದು.

ಕಾಫಿ ಕುಡಿದ ಕೂಡಲೇ ತಾನೇ ಕೈ ಜೇಬಿಗೆ ಹೋಗೋದು? ಅದನ್ನೂ ಕೇಳಿದೆ. "ಕ್ರಮ ತಿರುಗಿಸಿ ಸಾರ್, ಗಮ್ ಮೊದಲು, ಕಾಫಿ ಆಮೇಲೆ" ಅಂದರು. ಅಲ್ಲಿಂದ ಮನೆಯಲ್ಲೇ ಗಮ್ ಬಾಯಿಗೆ ಹಾಕಿಕೊಂಡು ಹೊರಡುತ್ತಿದ್ದೆ. ಬಸ್ಸಿನಲ್ಲಿ ಒಮ್ಮೆ ಎಡಗೆನ್ನೆ, ಒಮ್ಮೆ ಬಲಗೆನ್ನೆ. ದರ್ಶಿನಿ ಹತ್ತಿರ ಇಳಿಯುವಷ್ಟರಲ್ಲಿ ಗಮ್ ಸಪ್ಪೆಯಾಗಿರುತ್ತಿತ್ತು. ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿ, ನೀರು ಮುಕ್ಕಳಿಸಿ, ಕಾಫಿ. ಆ ಕಾಫಿಗೆ ರುಚಿ ಬೇರೆಯೇ ಇತ್ತು, ಚಿಕೋರಿ ವಾಸನೆ ಗೊತ್ತಾಗತೊಡಗಿತು.

ನನಗೆ ತುಂಬಾ ಹಿಡಿಸಿದ್ದು, ಅವರೇ ತಿರುಗಿ ಫೋನ್ ಮಾಡಿದ್ದು. ಬಿಡುವ ದಿನ ಗೊತ್ತು ಮಾಡಿಸಿದ್ದರು. ಆ ವಾರವೇ ಫೋನ್ ಬಂತು, ಆಮೇಲೂ ಬಂತು. ಯಾರೋ ವಿಚಾರಿಸಿಕೊಳ್ಳುತ್ತಾರೆ ಅನ್ನೋದೇ ನನ್ನನ್ನು ಸಂಜೆಯ ಪೆಟ್ಟಿಗೆ ಅಂಗಡಿ ದಾಟಿಸಿತು.

ಖರ್ಚಿನ ವಿಷಯ. ಸಿಗರೇಟಿನ ದುಡ್ಡು ಬಿಡಿಬಿಡಿಯಾಗಿ ಹೋಗುತ್ತದೆ, ಗೊತ್ತಾಗಲ್ಲ. ಗಮ್ಮಿಗೆ ಸ್ಟ್ರಿಪ್ ಪೂರ್ತಿ ಒಂದೇ ಸಲ ಕೊಡಬೇಕು, ಶುರುವಿನಲ್ಲಿ ದಿನಕ್ಕೆ ಜಾಸ್ತಿಯೇ ಬೇಕು. ತಿಂಗಳ ಕೊನೆಯಲ್ಲಿ ಕಷ್ಟವಾಯಿತು. ಆದರೆ ಇದು ಸುಮಾರು ಮೂರು ತಿಂಗಳ ಕೋರ್ಸ್, ನಿಧಾನಕ್ಕೆ ಇಳಿಸುತ್ತಾ ಬಂದು ನಿಲ್ಲಿಸಬಹುದು. ದವಡೆ ನೋವು ಮೊದಲ ಕೆಲವು ದಿನ ಇರುತ್ತದೆ.

ನಮ್ಮ ಭಾವನಿಗೆ ಗಮ್ ಸಾಲಲಿಲ್ಲ, ಡಾಕ್ಟರು ಬುಪ್ರೊಪಿಯಾನ್ ಮಾತ್ರೆ ಬರೆದರು. ಅದನ್ನು ಬಿಡುವ ದಿನಕ್ಕೆ ಒಂದೆರಡು ವಾರ ಮೊದಲೇ ಶುರು ಮಾಡಬೇಕು. ಅವನಿಗೆ ಬಾಯಿ ಒಣಗುತ್ತಿತ್ತು, ನಿದ್ದೆ ಕೆಡುತ್ತಿತ್ತು. ಫಿಟ್ಸ್ ಬರುವವರು ತೊಗೊಳ್ಳಲೇಬಾರದು. ಯಾರದೋ ಚೀಟಿ ನೋಡಿ ಕೊಳ್ಳುವ ಮಾತ್ರೆಯಲ್ಲ ಅದು.

ಫೋನಿಗೆ ಐದಕ್ಕೆ ಐದು ಸ್ಟಾರ್. ಗಮ್ಮಿಗೆ ಮೂರೇ. ನಾನು ಕೊಂಡ ಪ್ಯಾಕಿನಲ್ಲಿ ಕನ್ನಡದ ಒಂದು ಸಾಲೂ ಇರಲಿಲ್ಲ. ಅಗಿಯಿರಿ, ನಿಲ್ಲಿಸಿ, ಕೆನ್ನೆಯಲ್ಲಿಡಿ, ಕಾಫಿ ಬೇಡ. ಇಷ್ಟನ್ನು ಚಿತ್ರದ ಜೊತೆ ಅಚ್ಚು ಹಾಕಿದರೆ ಉಳಿದೆರಡು ಸ್ಟಾರನ್ನೂ ಕೊಡುತ್ತೇನೆ.