ಎಂಟಡಿ ಜಿಂಕೆ ಬೇಲಿ: ಏಳು ವರ್ಷ ಬಳಸಿದ ಮೇಲೆ

ಮರ ಕಡಿಸಿದ ಜಾಗದಲ್ಲಿ ಹೊಸದಾಗಿ ಏಳುವ ಸಸಿ, ಚಿಗುರನ್ನು ಜಿಂಕೆ ಮೇಯದಂತೆ ಬೇಲಿ ಹಾಕಿಸಬೇಕಾ ಬೇಡವಾ ಅಂತ ತಲೆ ಕೆಡಿಸಿಕೊಂಡವರಿಗೆ ಇದು. ನಾನು ಹಾಕಿಸಿದ್ದು ಎಂಟಡಿ ಎತ್ತರದ ಹೆಣೆದ ತಂತಿ ಬೇಲಿ, ನಾಲ್ಕು ಹೆಕ್ಟೇರ್ ಸುತ್ತ. ಬೇಲಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಮಾರಿದವರ ಮಾತಿಗೆ ಒಂದು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಅಗ್ಗ ಅಂತ ಶುರುವಿನಲ್ಲಿ ಪ್ಲಾಸ್ಟಿಕ್ ಬಲೆ ತಂದಿದ್ದೆ. ಹಗುರ, ನಿಂತ ಮರಗಳಿಗೆ ಕಟ್ಟಿಬಿಟ್ಟರೆ ಮುಗೀತು. ಮೊದಲ ಚಳಿಗಾಲದಲ್ಲೇ ಒಂದು ಕೊಂಬೆ ಬಿದ್ದು ಬಲೆ ಉದ್ದಕ್ಕೆ ಹರಿಯಿತು, ಕೆಳಗಡೆ ಮೊಲಗಳು ಬೇರೆ ಕಡಿದು ತೂತು ಮಾಡಿದ್ದವು, ನಾನು ಹೋಗಿ ನೋಡುವಷ್ಟರಲ್ಲಿ ಜಿಂಕೆಗಳು ಒಳಗೆ ನುಗ್ಗಿ ಓಕ್ ಮೋಟುಗಳಲ್ಲಿ ಬಂದಿದ್ದ ಚಿಗುರನ್ನೆಲ್ಲ ಬೋಳಿಸಿ ಹೋಗಿದ್ದವು. ಮೋಟಿನ ಚಿಗುರು ಅಂದರೆ ಜಿಂಕೆಗೆ ಹಬ್ಬದೂಟ. ಹಾಗಾಗಿ ಬೇಲಿ ಹಾಕುವುದಿದ್ದರೆ ಮರ ಸಾಗಿಸಿದ ತಕ್ಷಣ, ಮುಂದಿನ ವಸಂತ ಬರುವ ಮುಂಚೆಯೇ ಹಾಕಿ. ಒಂದು ವರ್ಷ ಬಿಟ್ಟು ನೋಡೋಣ ಅನ್ನುವವರು ಆಮೇಲೆ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ.

ಆಮೇಲೆ ಬಂದದ್ದು ಈ ತಂತಿ ಬೇಲಿ. ಜಿಂಕೆ ಹಾರುತ್ತದೆ ಅಂತ ಎಲ್ಲರೂ ಎತ್ತರದ ಬಗ್ಗೆಯೇ ಮಾತಾಡುತ್ತಾರೆ, ಸರಿ, ಉತ್ತರ ಅಮೆರಿಕದ ಈ ಬಿಳಿಬಾಲದ ಜಿಂಕೆಗೆ ಎಂಟಡಿ ಬೇಕೇ ಬೇಕು. ಆದರೆ ಅದು ಮೊದಲು ಹುಡುಕುವುದು ಕೆಳಗಿನ ಸಂದನ್ನು. ನೆಲ ತಗ್ಗಾದ ಕಡೆ, ಸಣ್ಣ ತೊರೆ ದಾಟುವ ಕಡೆ ಒಂದು ಗೇಣು ಜಾಗ ಸಿಕ್ಕರೂ ಮಂಡಿಯೂರಿ ತೂರುತ್ತದೆ. ನಮ್ಮಲ್ಲಿ ತೂರಿದ ಎರಡು ಕಡೆಯೂ ಇಂಥದ್ದೇ. ತಂತಿಯನ್ನು ನೆಲಕ್ಕೆ ಗೂಟ ಹೊಡೆದು ಬಿಗಿಸಿದ ಮೇಲೆ ನಿಂತಿತು.

ಅಳತೆಯ ಲೆಕ್ಕ ಒಂದಿದೆ, ಯಾರೂ ಹೇಳುವುದಿಲ್ಲ. ಚೌಕಾಕಾರದ ಒಂದು ಹೆಕ್ಟೇರಿಗೆ 400 ಮೀಟರ್ ಬೇಲಿ. ನಾಲ್ಕು ಹೆಕ್ಟೇರಿಗೆ 800 ಮೀಟರ್ ಮಾತ್ರ. ಜಾಗ ನಾಲ್ಕು ಪಟ್ಟು, ತಂತಿ ಎರಡೇ ಪಟ್ಟು! ಚಿಕ್ಕ ಚಿಕ್ಕ ತುಂಡುಗಳಿಗೆ, ಅದರಲ್ಲೂ ಉದ್ದನೆ ಪಟ್ಟಿಗೆ ಬೇಲಿ ಹಾಕುವುದು ಸುಮ್ನೆ ದುಡ್ಡು ಸುರಿದ ಹಾಗೆ. ಹಾಗಂತ ತೀರಾ ದೊಡ್ಡದು ಮಾಡಿದರೆ ಒಂದು ಕಡೆ ಮುರಿದರೂ ಇಡೀ ಜಾಗ ಹೋಗುತ್ತದೆ.

ಈಗ ಫಲಿತಾಂಶ. ಬೇಲಿಯ ಪಕ್ಕ ನಿಂತು ಎಡಕ್ಕೆ ಬಲಕ್ಕೆ ನೋಡಿದರೆ ಸಾಕು. ಒಳಗೆ ಓಕ್, ಸಕ್ಕರೆ ಮೇಪಲ್, ಕೆಂಪು ಮೇಪಲ್, ಬರ್ಚ್, ನಡುವೆ ಮುಳ್ಳು ಹಣ್ಣಿನ ಪೊದೆ. ಹೊರಗೆ ಮೊಣಕಾಲೆತ್ತರದ ಜರಿಗಿಡ ಮತ್ತು ಬೀಚ್, ಅಷ್ಟೇ, ಯಾಕಂದರೆ ಅವೆರಡೂ ಜಿಂಕೆಗೆ ರುಚಿಸುವುದಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಅಮೆರಿಕದ ಅರಣ್ಯ ಸೇವೆಯವರು 1980ರ ದಶಕದಲ್ಲಿ ಬೇಲಿಯೊಳಗೆ ಎಣಿಸಿ ಜಿಂಕೆ ಬಿಟ್ಟು ಹತ್ತು ವರ್ಷ ಗಮನಿಸಿದ್ದರು, ಚದರ ಮೈಲಿಗೆ 10, 20, 38, 64ರ ಲೆಕ್ಕದಲ್ಲಿ. ಜಿಂಕೆ ಹೆಚ್ಚಾದಷ್ಟೂ ಸಸಿಗಳು ಗಿಡ್ಡ, ಜಾತಿಗಳು ಕಡಿಮೆ, ಕೊನೆಗೆ ಕಪ್ಪು ಚೆರ್ರಿ ಮತ್ತು ಜರಿಗಿಡದ್ದೇ ರಾಜ್ಯ. ನನ್ನ ಬೇಲಿಯ ಆಚೆ ಈಚೆ ಅದೇ ಕಥೆ, ಲೆಕ್ಕ ಮಾತ್ರ ಇಲ್ಲ.

ಒಂದು ಅಂಕ ಕಳೆದದ್ದು ಯಾಕೆ ಅಂದರೆ, ಬೇಲಿ ಜಿಂಕೆಯನ್ನು ತಡೆಯುತ್ತದೆ, ಕಾಡು ಬೆಳೆಸುವುದಿಲ್ಲ. ನಮ್ಮ ಒಂದು ಮೂಲೆಯಲ್ಲಿ ಕಡಿಯುವ ಮುಂಚೆಯೇ ಜರಿಗಿಡ ಹಾಸಿಕೊಂಡಿತ್ತು. ಬೆಳಕು ಬಿದ್ದ ಮೇಲೆ ಇನ್ನೂ ದಟ್ಟವಾಯಿತು, ಅದರ ನೆರಳಲ್ಲಿ ಸಸಿ ಏಳಲೇ ಇಲ್ಲ, ಬಿದ್ದ ಓಕ್ ಕಾಯಿಗಳನ್ನು ಅಲ್ಲೇ ಅಡಗಿದ ಇಲಿಗಳು ತಿಂದವು. ಏಳು ವರ್ಷ ಬೇಲಿಯೊಳಗಿದ್ದೂ ಆ ಮೂಲೆ ಹಾಗೇ ಇದೆ. ಉಳಿದ ಕಡೆಯೂ ಓಕ್ ಮೊದಲ ಕೆಲವು ವರ್ಷ ಬೇರಿಗೇ ಜಾಸ್ತಿ ಶಕ್ತಿ ಹಾಕುತ್ತದೆ, ಅಷ್ಟರಲ್ಲಿ ಬರ್ಚ್ ತಲೆ ಮೇಲೆ ಹೋಗಿಬಿಡುತ್ತದೆ. ಎರಡು ಸಲ ಹೋಗಿ ಓಕ್ ಸುತ್ತಲಿನ ಬರ್ಚ್ ಸವರಬೇಕಾಯಿತು. ಕಡಿಯುವ ಮುಂಚೆ ನೆಲದಲ್ಲಿ ಓಕ್ ಸಸಿ ಎಷ್ಟಿದೆ ಅಂತ ಬಗ್ಗಿ ಎಣಿಸಿ. ಏನೂ ಇಲ್ಲದಿದ್ದರೆ ಬೇಲಿ ಕಾಯುವುದಾದರೂ ಏನನ್ನು?

ಇನ್ನು ಮಾರಿದವರು. “ಹಾಕಿ ಮರೆತುಬಿಡಿ” ಅಂದಿದ್ದರು. ಮೂರನೇ ವರ್ಷ ಗಾಳಿಗೆ ಒಂದು ಮರ ಬೇಲಿ ಮೇಲೆ ಬಿತ್ತು. ನಾನು ಅವರ ಮಾತು ನಂಬಿ ಮರೆತಿದ್ದೆ, ನೋಡಿ. ಮೂರು ವಾರ ಬಿಟ್ಟು ಹೋದರೆ ಒಳಗೆ ಮೂರು ಜಿಂಕೆ, ಹೊರಗೆ ಹೋಗುವ ದಾರಿ ಗೊತ್ತಾಗದೆ ಇದ್ದಬದ್ದದ್ದನ್ನೆಲ್ಲ ಮೇಯ್ದುಕೊಂಡು ಆರಾಮಾಗಿದ್ದವು. ನನ್ನ ಬೇಲಿ ಅವುಗಳಿಗೆ ದೊಡ್ಡಿಯಾಗಿತ್ತು. ಆ ವರ್ಷದ ಮೇಪಲ್ ಕುಡಿ ಒಂದೂ ಉಳಿಯಲಿಲ್ಲ. ಅಂಗಡಿಗೆ ಫೋನ್ ಮಾಡಿದರೆ ಗಾಳಿ ನಮ್ಮ ಕೈಯಲ್ಲಿಲ್ಲ ಅಂದರು, ಅದು ನಿಜವೇ ಬಿಡಿ. ಈಗ ಪ್ರತಿ ಗಾಳಿಮಳೆ ಆದಮೇಲೆ ಒಂದು ಸುತ್ತು ಹಾಕುತ್ತೇನೆ, ಇಕ್ಕಳ ಮತ್ತು ತುಂಡು ತಂತಿ ಜೇಬಲ್ಲೇ ಇರುತ್ತದೆ.

ತಂತಿಯೇ ಬೇಡ ಅನ್ನುವವರು ಕಾರ್ನೆಲ್ ವಿಶ್ವವಿದ್ಯಾಲಯದವರು ನ್ಯೂಯಾರ್ಕ್ ರಾಜ್ಯದ ಆರ್ನಾಟ್ ಕಾಡಿನಲ್ಲಿ ಮಾಡಿರುವುದನ್ನು ನೋಡಬಹುದು. ಕಡಿದ ಮರದ ಕೊಂಬೆ ರೆಂಬೆಗಳನ್ನೇ ಸುತ್ತ ಹತ್ತಡಿ ಎತ್ತರ, ಇಪ್ಪತ್ತಡಿ ಅಗಲ ಒಟ್ಟಿದ್ದಾರೆ. ಅದು ತಾನಾಗಿ ಕೊಳೆತು ಹೋಗುತ್ತದೆ, ಕೀಳುವ ಕೆಲಸವಿಲ್ಲ. ಮುಂದಿನ ಸಲ ಒಂದು ಬದಿಗಾದರೂ ಮಾಡಿ ನೋಡಬೇಕು.

ನಮ್ಮಲ್ಲಿ ಈಗ ಹೆಚ್ಚಿನ ಸಸಿಗಳ ತುದಿ ಆರಡಿ ದಾಟಿದೆ, ಜಿಂಕೆಯ ಬಾಯಿಗೆ ಎಟುಕುವುದಿಲ್ಲ. ಮುಂದಿನ ವರ್ಷ ತಂತಿ ಬಿಚ್ಚಿ ಸುರುಳಿ ಸುತ್ತಿ ಪಕ್ಕದ ತುಂಡಿಗೆ ಒಯ್ಯುತ್ತೇನೆ, ಅಷ್ಟು ಗಟ್ಟಿಯಾಗಿದೆ ಇನ್ನೂ. ಈ ಸಲ ಎದುರುಬದುರು ಮೂಲೆಗಳಲ್ಲಿ ಎರಡು ಗೇಟು ಇಡಿಸುತ್ತೇನೆ. ಒಂದೇ ಗೇಟಿನಿಂದ ಆ ಮೂರು ಜಿಂಕೆ ಓಡಿಸುವುದಕ್ಕೆ ನಾಲ್ಕು ಜನರಿಗೆ ಇಡೀ ದಿನ ಹಿಡಿದಿತ್ತು.