ಪ್ರೆಸೆಂಟ್‌ಮಾನ್: ಗ್ರಾಫಿಕ್ಸ್ ಕಾರ್ಡ್‌ಗೆ ರೊಕ್ಕ ಹಾಕುವ ಮುಂಚೆ ಓಡಿಸಿ ನೋಡಿ

ಗೇಮ್ ಅಥವಾ ತ್ರೀಡಿ ಸಾಫ್ಟ್‌ವೇರ್ ತಡವರಿಸತೊಡಗಿದರೆ ಹುಬ್ಬಳ್ಳಿಯ ಅಂಗಡಿಯಲ್ಲಾಗಲಿ ಧಾರವಾಡದ ಹಾಸ್ಟೆಲ್‌ನಲ್ಲಾಗಲಿ ಮೊದಲು ಸಿಗುವ ಸಲಹೆ, ‘ಕಾರ್ಡ್ ಬದಲಿ ಮಾಡ್ರಿ’. ಅದು ಖರೆಯೋ ಸುಳ್ಳೋ ಎಂದು ಅಂಕಿಯಲ್ಲಿ ತೋರಿಸುವ ಸಾಧನ ಇಂಟೆಲ್‌ನ ಪ್ರೆಸೆಂಟ್‌ಮಾನ್. ಉಚಿತ, ವಿಂಡೋಸ್‌ಗೆ ಮಾತ್ರ. ಎನ್‌ವಿಡಿಯಾ, ಎಎಂಡಿ ಕಾರ್ಡ್‌ಗಳಲ್ಲೂ ನಡೆಯುತ್ತದೆ.

ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಪರದೆಗೆ ಬರುವ ಚಿತ್ರಗಳ, ಅಂದರೆ ಫ್ರೇಮ್‌ಗಳ, ಸಂಖ್ಯೆ) ನಂಬಿ ಕೆಟ್ಟವರೇ ಹೆಚ್ಚು. ಒಂದು ಸೆಕೆಂಡಿನಲ್ಲಿ 59 ಫ್ರೇಮ್‌ಗಳು ತಲಾ 15 ಮಿಲಿಸೆಕೆಂಡಿಗೆ ಬಂದು, ಉಳಿದ ಒಂದು 115 ಮಿಲಿಸೆಕೆಂಡ್ ತಿಂದರೂ ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ 60 ಎಂದೇ ಕಾಣುತ್ತದೆ. ಕಣ್ಣಿಗೆ ಹೊಡೆಯುವುದು ಆ ಒಂದೇ ಜರ್ಕ್. ಪ್ರೆಸೆಂಟ್‌ಮಾನ್ ಪ್ರತಿ ಫ್ರೇಮಿನ ಸಮಯವನ್ನೂ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ ಪಟ್ಟಿ) ಫೈಲಿಗೆ ಬರೆದಿಡುವುದರಿಂದ ಅದು ತಪ್ಪಿಸಿಕೊಳ್ಳದು.

2023ರಲ್ಲಿ ಸೇರಿದ ‘ಜಿಪಿಯು ಬ್ಯುಸಿ’ ಅಂಕಿಯೇ ಇದರ ಜೀವಾಳ: ಒಂದು ಫ್ರೇಮಿಗಾಗಿ ಕಾರ್ಡಿನ ಚಿಪ್ (ಜಿಪಿಯು) ಎಷ್ಟು ಹೊತ್ತು ದುಡಿಯಿತು ಎಂಬ ಲೆಕ್ಕ. ಫ್ರೇಮ್ ಟೈಮ್ 25 ಮಿಲಿಸೆಕೆಂಡ್, ಜಿಪಿಯು ಬ್ಯುಸಿ 24 ಇದ್ದರೆ ಕಾರ್ಡ್ ದಣಿದಿದೆ. ರೆಸಲ್ಯೂಶನ್ ಇಳಿಸಿದರೆ ಹಗುರಾಗುತ್ತದೆ. ಅದೇ 25ಕ್ಕೆ ಜಿಪಿಯು ಬ್ಯುಸಿ 11 ಬಂದರೆ ಕಾರ್ಡ್ ಅರ್ಧಕ್ಕಿಂತ ಹೆಚ್ಚು ಹೊತ್ತು ಸುಮ್ಮನೆ ಕೂತಿದೆ. ತೊಂದರೆ ಪ್ರೊಸೆಸರ್, ರ‍್ಯಾಮ್ ಅಥವಾ ಪ್ರೋಗ್ರಾಮಿನದು, ಹೊಸ ಕಾರ್ಡ್ ಹಾಕಿಯೂ ಉಪಯೋಗವಿಲ್ಲ. ಅಳೆಯುವ ಮುಂಚೆ ವಿ-ಸಿಂಕ್ (ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಹೊಂದಿಸುವ ಸೆಟ್ಟಿಂಗ್), ಫ್ರೇಮ್ ಮಿತಿ ಎರಡನ್ನೂ ಆಫ್ ಮಾಡಲೇಬೇಕು. ಇಲ್ಲದಿದ್ದರೆ 60 ಹರ್ಟ್ಸ್ ಪರದೆಯ 16.7 ಮಿಲಿಸೆಕೆಂಡಿನ ಸರದಿಗಾಗಿ ಕಾಯುವ ಕಾರ್ಡ್ ನೋಡಿ ಪ್ರೊಸೆಸರ್ ಮೇಲೆ ತಪ್ಪು ಹೊರಿಸುತ್ತೀರಿ.

ಒಂದೇ ದೃಶ್ಯವನ್ನು 60 ಸೆಕೆಂಡಿನಂತೆ ನಾಲ್ಕು ಸಲ ಅಳೆಯಿರಿ. ಮೊದಲನೆಯದನ್ನು ಬಿಡಿ, ಶೇಡರ್ (ಬಣ್ಣ, ಬೆಳಕು ಲೆಕ್ಕ ಹಾಕುವ ಕಿರು ಪ್ರೋಗ್ರಾಮ್) ಕಂಪೈಲ್ ಆಗುವ ಹೊತ್ತಿನ ಎಳೆದಾಟ ಅದರಲ್ಲಿ ಸೇರಿರುತ್ತದೆ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಚ್ಚಿರಲಿ. ಬ್ಯಾಟರಿ ಮೇಲೆ ಕಾರ್ಡಿಗೆ ಪೂರ್ತಿ ಪವರ್ ಸಿಗದು. ಆಮೇಲೆ 20 ನಿಮಿಷ ಬಿಡದೆ ಓಡಿಸಿ. ಉಷ್ಣತೆ ಏರಿದಂತೆ ಜಿಪಿಯು ಫ್ರೀಕ್ವೆನ್ಸಿ ಇಳಿದು ಫ್ರೇಮ್ ಟೈಮ್ ಉದ್ದವಾದರೆ ಅದು ಬಿಸಿಯ ಸಮಸ್ಯೆ. ಹುಬ್ಬಳ್ಳಿಯ ಧೂಳು ಬಿಸಿ ಹೊರಹಾಕುವ ಹೀಟ್‌ಸಿಂಕ್ ಪಟ್ಟಿಗಳ ನಡುವೆ ಹತ್ತಿಯಂತೆ ಕಟ್ಟಿಕೊಳ್ಳುತ್ತದೆ. ಸ್ವಚ್ಛ ಮಾಡಿಸಿ, ಮತ್ತೆ ಅಳೆದು ಹೋಲಿಸಿ.

ಕೊರತೆಗಳೂ ಇವೆ. ವಿಂಡೋಸ್‌ನ ‘ಪರ್ಫಾರ್ಮೆನ್ಸ್ ಲಾಗ್ ಯೂಸರ್ಸ್’ ಗುಂಪಿನಲ್ಲಿ ನಿಮ್ಮ ಖಾತೆ ಇಲ್ಲದಿದ್ದರೆ, ಅಡ್ಮಿನಿಸ್ಟ್ರೇಟರ್ ಆಗಿಯೂ ಓಡಿಸದಿದ್ದರೆ, ಅಳತೆಗೆ ಅನುಮತಿ ಸಿಗದೆ ಹೋಗಬಹುದು; ಸೇರಿಸಿ, ಸೈನ್ ಔಟ್ ಆಗಿ ಮತ್ತೆ ಬನ್ನಿ. ಉಷ್ಣತೆ, ವಿದ್ಯುತ್ ಅಂಕಿಗಳು ಎಲ್ಲ ಕಾರ್ಡ್‌ಗಳಲ್ಲೂ ಬರುವುದಿಲ್ಲ. ಸಾಫ್ಟ್‌ವೇರ್ ಬರೆಯುವವರಿಗೆ ಇದಿಷ್ಟೇ ಸಾಲದು: ತೊಡಕು ಯಾವ ಕಡೆ ಎಂದು ಹೇಳೀತು, ಯಾವ ಡ್ರಾ ಕಾಲ್ (ಚಿತ್ರ ಬಿಡಿಸಲು ಕಾರ್ಡಿಗೆ ಕೊಡುವ ಆದೇಶ) ಎಂದು ಹೇಳದು. ಅಲ್ಲಿಂದ ಮುಂದಕ್ಕೆ ಮೈಕ್ರೋಸಾಫ್ಟ್‌ನ ಪಿಕ್ಸ್ ಅಥವಾ ಎನ್‌ವಿಡಿಯಾದ ಎನ್‌ಸೈಟ್ ತೆರೆಯಬೇಕು.