ಹನ್ನೊಂದು ಮಳೆಗಾಲ, ಒಂದು ಆರ್‌ಎಕ್ಸ್ 100

ಗಾಡಿ ಯಮಹಾ ಆರ್‌ಎಕ್ಸ್ 100 ಬೈಕು, 1994ರದ್ದು. ನನ್ನ ಕೈಗೆ ಬಂದದ್ದು 2014ರಲ್ಲಿ, ಕುಂಬಳೆಯ ಒಬ್ಬರಿಂದ. ನೀರ್ಚಾಲಿನ ಮನೆಯಿಂದ ಬದಿಯಡ್ಕದ ಶಾಲೆಗೆ, ವಾರಕ್ಕೊಮ್ಮೆ ಕಾಸರಗೋಡಿಗೆ, ಆಗಾಗ ಪೆರ್ಲದ ಕಡೆಗೆ. ಇಷ್ಟೇ ಓಡಾಟ.

ಓಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 98 ಸಿಸಿಯ ಟೂ ಸ್ಟ್ರೋಕ್, ನಾಲ್ಕು ಗೇರು, ನೂರು ಕಿಲೋ ಆಸುಪಾಸಿನ ತೂಕ. ಏರು ರಸ್ತೆಯಲ್ಲಿ ಎರಡನೇ ಗೇರಿಗೆ ಹಾಕಿ ತಿರುಪಿದರೆ ಎದ್ದು ಹೋಗುತ್ತದೆ. ಮುಂದೆ ಹಿಂದೆ ಎರಡೂ ಡ್ರಮ್ ಬ್ರೇಕು, ಮಳೆಯಲ್ಲಿ ನಿಧಾನ ಹೋಗುವುದೇ ಒಳ್ಳೆಯದು. ನನ್ನನ್ನು ಕಾಡಿದ್ದು ಮಾತ್ರ ಪ್ಲಗ್ಗು, ಅಂದರೆ ಪೆಟ್ರೋಲಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್.

ಮೊದಲ ಮಳೆಗಾಲದಲ್ಲೇ ಆರು ಪ್ಲಗ್ ಬದಲಿಸಿದೆ. ಬೆಳಿಗ್ಗೆ ಹತ್ತು ಹದಿನೈದು ಕಿಕ್, ಅಂಗಳ ತುಂಬ ಹೊಗೆ, ಆಮೇಲೆ ದಾರಿಯಲ್ಲಿ ಮುಗ್ಗರಿಸುವುದು. ಪ್ಲಗ್ ಬಿಚ್ಚಿ ಎಂಜಿನ್ನಿನ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದರೆ ನೀಲಿ ಕಿಡಿ ಚೆನ್ನಾಗಿಯೇ ಬರುತ್ತಿತ್ತು. ನಾನು ಮೋಸ ಹೋದದ್ದು ಅಲ್ಲೇ. ಹೊರಗಿನ ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರಿನ ಒತ್ತಡದಲ್ಲಿ ಹಾರಬೇಕೆಂದಿಲ್ಲ. ಬಿಳಿ ಪಿಂಗಾಣಿ ಮೂತಿಯ ಮೇಲೆ ಮಸಿ ಕೂತರೆ ಕರೆಂಟು ಆ ಮಸಿಯ ಮೇಲೆಯೇ ಹರಿದು ಪ್ಲಗ್ಗಿನ ಲೋಹದ ಮೈಗೆ ಇಳಿದುಬಿಡುತ್ತದೆ.

ಕೊನೆಗೆ ಬದಿಯಡ್ಕದ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ಪ್ಲಗ್ಗನ್ನು ಬೆರಳಿನಿಂದ ಉಜ್ಜಿ ಮೂಸಿ ನೋಡಿದರು.

"ಇದು ಎಣ್ಣೆ ಮಾಷ್ಟ್ರೇ. ನೀವು ಪೆಟ್ರೋಲಿಗೆ ಆಯಿಲ್ ಹಾಕ್ತೀರಾ?"

"ಹೌದು, ಮೊದಲಿನವರು ಹಾಗೇ ಹೇಳಿದ್ರು. ಲೀಟರಿಗೆ 20 ಮಿಲಿ."

ಅವರು ಸೈಡ್ ಕವರ್ ತೆಗೆದು ಆಯಿಲ್ ಟ್ಯಾಂಕ್ ತೋರಿಸಿದರು. "ಮತ್ತೆ ಇದು ಎಂಥಕ್ಕೆ?"

ಆ ಟ್ಯಾಂಕಿನ ಆಯಿಲನ್ನು ತಾನಾಗಿ ಎಂಜಿನ್ನಿಗೆ ಕೊಡುವ ಆಟೋಲೂಬ್ ಪಂಪು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಅದರ ಮೇಲೆ ನಾನೂ ಬೆರೆಸುತ್ತಿದ್ದೆ. ಎಂಜಿನ್ನಿಗೆ ಎರಡು ಊಟ! ಹಳೇ ಗಾಡಿ ಕೊಂಡವರು ಮೊದಲು ಇದನ್ನು ವಿಚಾರಿಸಿ. ಪಂಪ್ ಬಿಚ್ಚಿ ಹಾಕಿದ್ದರೆ ಬೆರೆಸಲೇಬೇಕು, ಇಲ್ಲದಿದ್ದರೆ ಎಂಜಿನ್ ಹಿಡಿಯುತ್ತದೆ. ಪಂಪ್ ಇದ್ದರೆ ಬೆರೆಸುವ ಕೆಲಸ ಬೇಡ.

ಒದ್ದೆ ಎಣ್ಣೆ ಹೋಯಿತು. ಎರಡು ತಿಂಗಳಿಗೆ ಇನ್ನೊಂದು ಶುರು. ಈ ಸಲ ಪ್ಲಗ್ ಕಪ್ಪಾದರೂ ಒಣ ಒಣ, ಚಿಮಣಿ ದೀಪದ ಮಸಿಯ ಹಾಗೆ. ಎಣ್ಣೆಯಾದರೆ ಬೆರಳಿಗೆ ಜಾರುತ್ತದೆ, ಇದು ಪುಡಿಯಾಗಿ ಉದುರಿತು. ಅಂದರೆ ಪೆಟ್ರೋಲು ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರ್ ತೊಳೆದೆ. ಪೆಟ್ರೋಲು ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಏರ್ ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿ ಒಂದೂವರೆ ಸುತ್ತು ಹೊರಗೆ ತಂದೆ. ಇದರಲ್ಲಿ ಹೊರಗೆ ತಂದಷ್ಟೂ ಗಾಳಿ ಜಾಸ್ತಿ. ಮೂರು ಸುತ್ತು ತಂದರೂ ಐಡಲಿನ (ಎಕ್ಸಲರೇಟರ್ ಬಿಟ್ಟಾಗಿನ ನಿಧಾನ ಓಟದ) ಸದ್ದು ಸ್ವಲ್ಪವೂ ಬದಲಾಗಲಿಲ್ಲ. ಸ್ಕ್ರೂ ಮಾತು ಕೇಳುತ್ತಿಲ್ಲ ಅಂದರೆ ಪೆಟ್ರೋಲು ಬೇರೆ ದಾರಿಯಲ್ಲಿ ನುಗ್ಗುತ್ತಿದೆ ಅಂತ ಅರ್ಥ ಅಲ್ವಾ?

ದಾರಿ ಸಿಕ್ಕಿದ್ದು ಚೋಕಿನಲ್ಲಿ, ತಣ್ಣಗಿನ ಎಂಜಿನ್ ಶುರು ಮಾಡುವಾಗ ಹೆಚ್ಚು ಪೆಟ್ರೋಲು ಬಿಡುವ ಸಾಧನದಲ್ಲಿ. ಚೋಕ್ ಪ್ಲಂಜರಿನ ತುದಿಯಲ್ಲಿ ಬಟಾಣಿಗಿಂತ ಚಿಕ್ಕ ರಬ್ಬರ್ ಬಿಲ್ಲೆ ಇರುತ್ತದೆ. ಅದರ ನಡುವೆ ಉಂಗುರದಂತೆ ಗುಳಿ ಬಿದ್ದು, ಒಂದು ಬದಿ ಸೀಳಿತ್ತು. ಚೋಕ್ ಮುಚ್ಚಿದರೂ ಅದು ಒಳಗೆ ತೆರೆದೇ ಇತ್ತು. ಹೊಸ ಪ್ಲಂಜರ್ ಹಾಕಿದ ದಿನ ಐಡಲ್ ತಾನಾಗಿ ಏರಿತು. ಆಮೇಲೆ ಸ್ಕ್ರೂ ಕಾಲು ಸುತ್ತು ತಿರುಗಿಸಿದರೂ ಸದ್ದು ಬದಲಾಯಿತು. ಆ ದಿನ ಸುಮ್ನೆ ಅಂಗಳದಲ್ಲೇ ಅರ್ಧ ಗಂಟೆ ಎಂಜಿನ್ ಓಡಿಸಿ ಹೆಂಡತಿಯ ಕೈಲಿ ಬೈಸಿಕೊಂಡೆ.

ಈಗ ಪ್ಲಗ್ ನೋಡುವ ಕ್ರಮವೂ ಬೇರೆ. ಐಡಲಿನಲ್ಲಿ ನಿಲ್ಲಿಸಿ ನೋಡಿದರೆ ಐಡಲಿನ ಸಂಗತಿ ಮಾತ್ರ ಗೊತ್ತಾಗುತ್ತದೆ. ಸೀತಾಂಗೋಳಿ ದಾರಿಯಲ್ಲಿ ಅರ್ಧ ತ್ರಾಟಲಿನಲ್ಲಿ ಒಂದೆರಡು ಕಿಲೋಮೀಟರ್ ಓಡಿಸಿ, ಕ್ಲಚ್ ಹಿಡಿದು ಕೀ ಆಫ್ ಮಾಡಿ, ಬದಿಗೆ ನಿಲ್ಲಿಸಿ ಬಿಚ್ಚುತ್ತೇನೆ. ಬಟ್ಟೆ ಬೇಕು, ಕೈ ಸುಡುತ್ತದೆ. ಒಣ ಅಡಿಕೆ ಸಿಪ್ಪೆಯ ಬಣ್ಣ ಇದ್ದರೆ ಹದ ಸರಿ. ಕಪ್ಪಾದರೆ ಪೆಟ್ರೋಲು ಜಾಸ್ತಿ, ಬಿಳಿಚಿಕೊಂಡರೆ ಕಡಿಮೆ. ಟೂ ಸ್ಟ್ರೋಕಿಗೆ ಬಿಳಿಯೇ ಹೆಚ್ಚು ಅಪಾಯ.

ಪೆಟ್ರೋಲಿಗೆ ಎಥನಾಲ್ ಸೇರಿಸುವುದು 20 ಶೇಕಡಾ ತನಕ ಬಂದ ಮೇಲೆ ನನ್ನ ಪ್ಲಗ್ಗೂ ಬಿಳಿಚಿತು. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೇ ಜೆಟ್ (ಪೆಟ್ರೋಲು ಹರಿಯುವ ಸಣ್ಣ ತೂತು) ಸಾಲುವುದಿಲ್ಲ. ಕಾರ್ಬ್ಯುರೇಟರಿನ ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಕೆಳಗೆ ಹಾಕಿದೆ. ಸೂಜಿ ಮೇಲೆದ್ದು, ಪೆಟ್ರೋಲು ಜಾಸ್ತಿ ಬಂದು ಸರಿಹೋಯಿತು. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದಾಗ ಅಗ್ಗ ಅಂತ ಟ್ಯಾಂಕ್ ತುಂಬಿಸುವುದು ನಮ್ಮ ಕಡೆಯವರ ಅಭ್ಯಾಸ. ನಾನು ಬಿಟ್ಟೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬರುವ ಊರಲ್ಲಿ ಎಥನಾಲ್ ಬೆರೆತ ಪೆಟ್ರೋಲು ವಾರಗಟ್ಟಲೆ ನಿಂತರೆ ನೀರು ಹೀರುತ್ತದೆ. ರಜೆಯಲ್ಲಿ ಟ್ಯಾಂಕಿನ ಕಾಕ್ ಮುಚ್ಚಿ ಕಾರ್ಬ್ಯುರೇಟರಿನ ಬೌಲ್ ಖಾಲಿ ಮಾಡುತ್ತೇನೆ.

ಒಂದು ತಪ್ಪು ಇನ್ನೂ ನನ್ನದೇ. ಮನೆಯಿಂದ ಶಾಲೆಗೆ ದಾರಿ ಚಿಕ್ಕದು, ಪ್ಲಗ್ ಬಿಸಿಯಾಗುವ ಮೊದಲೇ ಮುಗಿಯುತ್ತದೆ. ಪ್ಲಗ್ಗಿನ ಮೂತಿ 450 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟಿದರೆ ಮಾತ್ರ ಮಸಿ ತಾನಾಗಿ ಸುಟ್ಟು ಹೋಗುತ್ತದೆ. ಹಾಗಾಗಿ ಭಾನುವಾರ ಪೆರ್ಲಕ್ಕೆ ಒಂದು ಸುತ್ತು. ಮನೆಯಲ್ಲಿ ಇದನ್ನು ಯಾರೂ ನಂಬುವುದಿಲ್ಲ.

ಲೀಟರಿಗೆ 30 ಕಿಲೋಮೀಟರಿನ ಕೆಳಗಿದ್ದದ್ದು ಈಗ 40ರ ಹತ್ತಿರ ಕೊಡುತ್ತದೆ. ಕೈಗೆ ಗ್ರೀಸ್ ತಾಗಬಾರದು ಅನ್ನುವವರು ಇದನ್ನು ಕೊಳ್ಳಬೇಡಿ. ಕೊಂಡರೆ ಪ್ಲಗ್ ಸ್ಪ್ಯಾನರ್ ಒಂದನ್ನು ಜೊತೆಗೇ ಕೊಳ್ಳಿ. ನನ್ನ ಟೂಲ್ ಚೀಲದಲ್ಲಿರುವ ಸ್ಪೇರ್ ಪ್ಲಗ್ಗಿನ ಡಬ್ಬಿ ಎರಡು ವರ್ಷದಿಂದ ತೆರೆದಿಲ್ಲ. ರಟ್ಟಿಗೆ ಬೂಸ್ಟು ಬಂದಿದೆ, ಅಷ್ಟೇ.